ಟವೆಲ್ಲಿನ ಕೆಳಗಿನ ಇಂಗ್ಲಿಷು

ಟವೆಲ್ಲು ಹಸಿರು ಬಣ್ಣದ್ದು ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಈಗ ಬರೆಯಲು ಕುಳಿತರೆ ಅದು ಕೆಂಪು ಚೌಕಳಿಯದಿರಬಹುದು ಅನ್ನಿಸುತ್ತಿದೆ. ಹೆಂಡತಿಯನ್ನು ಕೇಳಿದೆ. "ಬಿಳಿ ಇತ್ತು. ಹೊಲಸಾಗಿತ್ತು. ಅದಕ್ಕ ನಿಮಗ ಬಣ್ಣ ಕಂಡೈತಿ," ಎಂದಳು.

ಆಕೆಯ ತಕರಾರು ಬಣ್ಣಕ್ಕೇ ಮುಗಿಯುವುದಿಲ್ಲ. ಜಿಲ್ಲೆಯ ಅಧಿಕಾರಿ ಶಾಲೆಗೆ ಬಂದ ದಿನ ನಾನು ತರಗತಿಯ ಒಳಗೆ ಇರಲೇ ಇಲ್ಲ, ವರಾಂಡದ ಕಿಟಕಿಯಿಂದ ನೋಡಿದವನು. ಆ ಕಿಟಕಿಯ ಅರ್ಧಕ್ಕೆ ರಟ್ಟು ಬಡಿದಿತ್ತು, ಉಳಿದರ್ಧವನ್ನು ಮಕ್ಕಳ ತಲೆಗಳು ತುಂಬಿದ್ದವು. ಇದೆಲ್ಲ ನಿಜ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಶಾಸನ ಕೆತ್ತಿಸಿದ ರಾಜರನ್ನೆಲ್ಲ ಅನುಮಾನಿಸಿ ನಾನು ಒಳ್ಳೆಯ ಅಂಕ ತೆಗೆದೆ. ಆ ಅಭ್ಯಾಸ ಮನೆಗೂ ಬಂತು. ಪಕ್ಕದ ಮನೆಯವರು ನಿನ್ನೆ ಮಳೆ ಬಂತು ಎಂದರೂ ಎಷ್ಟು ಜನ ನೋಡಿದರು ಎಂದು ಕೇಳುವವನು ನಾನು. ಈಗ ನಾನೇ ಸಾಕ್ಷಿಕಟ್ಟೆಯಲ್ಲಿ ನಿಂತಾಗ ಹೆಂಡತಿಗೆ ಅದೊಂದು ಹಬ್ಬ.

ನನಗೆ ನೆನಪಿರುವಷ್ಟು, ಅಥವಾ ನೆನಪಿದೆ ಎಂದು ನಾನು ತಿಳಿದುಕೊಂಡಿರುವಷ್ಟು, ಇಲ್ಲಿ ಹೇಳುತ್ತೇನೆ.

ನಾವಿರುವುದು ಆದೋನಿಯಲ್ಲಿ. ಹೆಂಡತಿ ಕೌತಾಳಂ ಬಸ್ಸಿನ ದಾರಿಯ ಒಂದು ಹಳ್ಳಿಯಲ್ಲಿ ಸರಕಾರಿ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿ. ಊರಿನವರ ಬಾಯಲ್ಲಿ ದೊಡ್ಡ ಟೀಚರಮ್ಮ. ಆಂಧ್ರದಲ್ಲಿ ಕನ್ನಡ ಶಾಲೆಯೇ ಎಂದು ಬೆಂಗಳೂರಿನ ನನ್ನ ಗೆಳೆಯರು ಪ್ರತಿ ಸಲವೂ ಹೊಸದಾಗಿ ಆಶ್ಚರ್ಯಪಡುತ್ತಾರೆ. ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಸಿಟ್ಟು ಬಂದಾಗ ಎರಡೂ. ಇವುಗಳ ಮೇಲೆ ಸರಕಾರ ಇಂಗ್ಲಿಷನ್ನು ಹೇರಿತು. ಪುಸ್ತಕಗಳು ಬಂದವು, ದಪ್ಪ, ಬಣ್ಣ ಬಣ್ಣದವು. ಒಂದು ಪುಟದಲ್ಲಿ ಇಂಗ್ಲಿಷ್, ಮಕ್ಕಳಿಗೆ ಅರ್ಥವಾಗಲಿ ಎಂದು ಎದುರು ಪುಟದಲ್ಲಿ ತೆಲುಗು. ನಮ್ಮ ಮಕ್ಕಳು ತೆಲುಗಿನಲ್ಲಿ ಜಗಳವಾಡಬಲ್ಲರು, ಓದುವುದು ಬೇರೆ ಮಾತು. ಹೀಗಾಗಿ ಒಂದು ಪುಟ ಗೊತ್ತಿರಲಿಲ್ಲ, ಅದನ್ನು ವಿವರಿಸುವ ಪುಟವೂ ಗೊತ್ತಿರಲಿಲ್ಲ. ಪುಸ್ತಕ ಮಾತ್ರ ಪರಿಮಳವಾಗಿತ್ತು.

ಇಂಥ ಶಾಲೆಗಳಿಗೆಂದು ಇಂಗ್ಲಿಷ್ ಕಲಿಕೆಗೆ ಒಂದು ಅನುದಾನ ಬಂದಿತ್ತು. ಹೆಂಡತಿ ಅದಕ್ಕಾಗಿ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದಳೋ ನಾನು ಹೇಳಲಾರೆ, ಏಕೆಂದರೆ ನಾನು ಕೆಳಗೆ ಬೈಕಿನ ಮೇಲೆ ಕುಳಿತಿರುತ್ತಿದ್ದೆ. ಆ ಅನುದಾನದಿಂದ ಒಬ್ಬ ಇಂಗ್ಲಿಷ್ ಟೀಚರು ಬಂದಳು. ಆದೋನಿಯ ದರ್ಜಿಯೊಬ್ಬರ ಮಗಳು, ಮನೆಯಲ್ಲಿ ದಖನಿ ಉರ್ದು ಮಾತಾಡುವವಳು, ಕನ್ನಡ ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು. ಊರು ಆಕೆಯನ್ನು ಸಣ್ಣ ಟೀಚರಮ್ಮ ಎಂದಿತು. ಆಕೆ ಬಂದ ಮೇಲೆ ಒಂದು ಪವಾಡ ನಡೆಯಿತು: ಊರಿನ ಮಕ್ಕಳನ್ನು ಖಾಸಗಿ ಶಾಲೆಗೆ ಹೊತ್ತೊಯ್ಯುವ ಹಳದಿ ವ್ಯಾನಿನಿಂದ ಕೆಲವರು ಇಳಿದು ಮತ್ತೆ ನಮ್ಮ ಶಾಲೆಗೆ ಬಂದರು.

ಅನುದಾನ ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಪಡುತ್ತಿತ್ತು. ಜಿಲ್ಲೆಯಿಂದ ಅಧಿಕಾರಿ ಬಂದು ಮಕ್ಕಳಿಗೆ ಇಂಗ್ಲಿಷಿನಲ್ಲಿ ಓದಿಸಿ, ಪ್ರಶ್ನೆ ಕೇಳಿ, ಬಾಯಿಂದ ಉತ್ತರ ಹೊರಡಿಸಬೇಕು. ಹೊರಡದಿದ್ದರೆ ಅನುದಾನ ರಸ್ತೆಯಾಚೆಯ ತೆಲುಗು ಶಾಲೆಗೆ ಹೋಗುತ್ತದೆ. ಅನುದಾನದ ಹಿಂದೆ ಸಣ್ಣ ಟೀಚರಮ್ಮ, ಆಕೆಯ ಹಿಂದೆ ಮಕ್ಕಳು. ಮಕ್ಕಳಿಲ್ಲದ ಕನ್ನಡ ಶಾಲೆಗೆ ಬೀಗ ಹಾಕಲು ಯಾರೂ ಎರಡು ಸಲ ಯೋಚಿಸುವುದಿಲ್ಲ. ಇದನ್ನು ಹೆಂಡತಿ ದಿನವೂ ಊಟದ ಹೊತ್ತಿಗೆ ಹೇಳುತ್ತಿದ್ದಳು. "ಅವರು ಬಾಯಿ ಬಿಡಂಗಿಲ್ಲ. ಗೊತ್ತಿದ್ರೂ ಬಿಡಂಗಿಲ್ಲ. ತಪ್ಪಾದ್ರ ನಗ್ತಾರ ಅಂತ ಅಂಜಿಕಿ."

ಬಾಯಿ ಬಿಡದ ಮಕ್ಕಳಿಗೆ ಸಣ್ಣ ಟೀಚರಮ್ಮ ಕಂಡುಕೊಂಡ ಉಪಾಯವೇ ಟವೆಲ್ಲು. ಅದು ಆಕೆಗೆ ಸಿಕ್ಕಿದ್ದು ಶಾಲೆಯ ಪೋಷಕರ ಸಮಿತಿಯ ಅಧ್ಯಕ್ಷರಿಂದ. ಅವರು ಕುರಿ ದಲ್ಲಾಳಿ. ಸಂತೆಯಲ್ಲಿ ಕುರಿ ಮಾರುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಬೆರಳು ಒತ್ತಿ ದರ ಹೇಳುವುದು ಅವರ ಕಸುಬು. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ಮಾತು ಕಾಣುವುದಿಲ್ಲ. ಟೀಚರು ಒಮ್ಮೆ ಸಂತೆಯಲ್ಲಿ ಅವರನ್ನು ನಿಲ್ಲಿಸಿ ಯಾಕೆ ಹೀಗೆ ಮುಚ್ಚಿಟ್ಟು ಮಾಡುತ್ತೀರಿ ಎಂದು ಕೇಳಿದಳಂತೆ.

"ಮಾನಕ್ಕ, ಟೀಚರಮ್ಮ," ಎಂದರಂತೆ ಅವರು. "ನಾ ಹುಚ್ಚರಂಗ ಕಡಿಮಿ ಕೇಳಿದ್ರ ಅವಂಗೊಬ್ಬಗ ಗೊತ್ತು. ಅಂವ ಹುಚ್ಚರಂಗ ಜಾಸ್ತಿ ಹೇಳಿದ್ರ ನನಗೊಬ್ಬಗ ಗೊತ್ತು. ಸಂತಿ ನಗಂಗಿಲ್ಲ."

ಮರುದಿನವೇ ಆಕೆ ತರಗತಿಗೆ ಟವೆಲ್ಲು ತಂದಳು. ಪ್ರಶ್ನೆಗೆ ನಾಲ್ಕು ಉತ್ತರ. ಮೊದಲ ಉತ್ತರ ಸರಿ ಎನ್ನಿಸಿದರೆ ಟವೆಲ್ಲಿನ ಕೆಳಗೆ ಟೀಚರಿನ ಒಂದು ಬೆರಳು ಹಿಡಿ, ಎರಡನೆಯದಾದರೆ ಎರಡು. ತಪ್ಪಾದರೆ ಟೀಚರು ಕೈ ಕೊಡವುತ್ತಾಳೆ, ಸಂತೆಯಲ್ಲಿ ವ್ಯಾಪಾರ ಮುರಿದಂತೆ. ಯಾರಿಗೂ ಗೊತ್ತಾಗುವುದಿಲ್ಲ, ಯಾರೂ ನಗುವುದಿಲ್ಲ. ಕುರಿಯವರ ಮಕ್ಕಳಿಗೆ ಇದನ್ನು ಕಲಿಸುವ ಅಗತ್ಯವೇ ಬೀಳಲಿಲ್ಲ. ಮೂಕ ತರಗತಿ ಒಮ್ಮೆಲೇ ಗದ್ದಲದ ಸಂತೆಯಾಯಿತು. ಆದರೆ ಇಂಗ್ಲಿಷಿಗೆ ಬಾಯಿ ಮಾತ್ರ ಇನ್ನೂ ಮುಚ್ಚಿಯೇ ಇತ್ತು, ಅಧಿಕಾರಿ ಬರುವ ದಿನ ಹತ್ತಿರ ಬಂದಿತ್ತು.

ಅಧ್ಯಕ್ಷರಿಗೆ ತಮ್ಮದೇ ಉಪಾಯವಿತ್ತು. "ಒಂದು ಕುರಿಮರಿ ಕೊಯ್ಯೂನ್ರಿ, ದೊಡ್ಡ ಟೀಚರಮ್ಮ. ಸಾರಿನ ವಾಸನಿ ಬಂದ್ರ ಎಂಥಾ ಆಫೀಸರ್ರೂ ಇಂಗ್ಲಿಷ್ ಮರೀತಾರ."

ಹೆಂಡತಿಯದು ಶೈವರ ಮನೆ, ಬೆಳ್ಳುಳ್ಳಿಗೂ ಯೋಚಿಸುವವರು. "ಶಾಲಿ ಅಂಗಳದಾಗ ಮಾಂಸದ ಮಾತು ಎತ್ತಬ್ಯಾಡ್ರಿ," ಎಂದಳು.

"ಸರೇಲೆಂಡಿ," ಆಗಲಿ ಬಿಡಿ ಎಂದು ಅಧ್ಯಕ್ಷರು ಒಂದು ಗಳಿಗೆ ತೆಲುಗಿಗೆ ಹಾರಿದರು. ಬೇಸರವಾದಾಗ ಅವರು ಭಾಷೆ ಬದಲಿಸುತ್ತಾರೆ. "ಹಂಗಾರ ಬಾಳೆಹಣ್ಣು ತಿನ್ಲಿ ಬಿಡ್ರಿ."

ಅಧಿಕಾರಿ ಬರುವ ದಿನ ನಾನು ಹೆಂಡತಿಯನ್ನು ಬೈಕಿನಲ್ಲಿ ಬಿಡಲು ಹೋದವನು ಹಿಂದಿರುಗಲಿಲ್ಲ. ಕೆಲಸವಿರಲಿಲ್ಲ ಎನ್ನುವುದು ಹೆಂಡತಿಯ ವಿವರಣೆ. ನಾನು ಆಗಷ್ಟೇ ಒಂದು ಕೆಲಸ ಬಿಟ್ಟಿದ್ದೆ, ಇನ್ನೊಂದನ್ನು ಅನುಮಾನಿಸುತ್ತಿದ್ದೆ. "ಕುಂದ್ರೋದಾದ್ರ ಹೊರಗ ಕುಂದುರ್ರಿ. ಯಾರಿಗೂ ಪ್ರಶ್ನಿ ಕೇಳಬ್ಯಾಡ್ರಿ," ಎಂದು ಹೇಳಿ ಒಳಗೆ ಹೋದಳು.

ಅಧಿಕಾರಿ ಜೀಪಿನಿಂದ ಇಳಿದರು. ಐವತ್ತರ ಹತ್ತಿರದ ಹೆಂಗಸು, ಇಸ್ತ್ರಿ ಮುರಿಯದ ಕಾಟನ್ ಸೀರೆ, ಕೈಯಲ್ಲಿ ಟ್ಯಾಬು. ತೆಲುಗಿನಲ್ಲಿ ನಮಸ್ಕಾರ, ಇಂಗ್ಲಿಷಿನಲ್ಲಿ ಅವಸರ. ಕನ್ನಡದ ಸುಳಿವೇ ಇಲ್ಲ. ಹೆಂಡತಿಯ ಮುಖ ನೋಡಿದೆ. ಮದುವೆಯ ದಿನವೂ ಅಷ್ಟು ಬೆವರಿರಲಿಲ್ಲ.

ಪರೀಕ್ಷೆ ಹೀಗೆ. ಟ್ಯಾಬಿನಲ್ಲಿ ಒಂದು ಪುಟ್ಟ ಕಥೆ ಬರುತ್ತದೆ. ಮಗು ಮನಸ್ಸಿನಲ್ಲಿ ಓದಿಕೊಳ್ಳಬೇಕು. ಆಮೇಲೆ ಪ್ರಶ್ನೆ, ನಾಲ್ಕು ಉತ್ತರ. ಅಧಿಕಾರಿ ಒಂದನ್ನು ಒತ್ತಿದರೆ ಕಥೆ ಮಾಯವಾಗುತ್ತದೆ, ಹಿಂದಕ್ಕೆ ಹೋಗಲು ಬರುವುದಿಲ್ಲ. ಸರಿಯೋ ತಪ್ಪೋ ಎಂಬುದನ್ನೂ ಅದು ಹೇಳುವುದಿಲ್ಲ, ಎಲ್ಲ ನೇರ ಮೇಲಕ್ಕೆ ಹೋಗುತ್ತದೆ. ಈ ಮೇಲು ಎಲ್ಲಿದೆ ಎಂದು ನಾನು ಕೇಳಬೇಕೆಂದಿದ್ದೆ. ಪ್ರಶ್ನೆ ಕೇಳಬಾರದು ಎಂಬ ಅಪ್ಪಣೆ ನೆನಪಾಯಿತು.

ಮೊದಲ ಹುಡುಗಿ ಮಾತಾಡಲಿಲ್ಲ. ಅವಳ ಪಕ್ಕದ ಹುಡುಗ ಮಾತಾಡಲಿಲ್ಲ. ಮೂರನೆಯದಕ್ಕೆ ಅಧ್ಯಕ್ಷರ ಮೊಮ್ಮಗಳ ಸರದಿ. ಎರಡು ಜಡೆ, ನೆಲ ನೋಡುವ ಕಣ್ಣು, ಊರಿನ ಎಲ್ಲ ಕುರಿಗಳಿಗೂ ಹೆಸರಿಟ್ಟ ಹುಡುಗಿ. ಅವಳು ಟ್ಯಾಬನ್ನು ಬಹಳ ಹೊತ್ತು ನೋಡಿದಳು, ಬೆರಳಿನಿಂದ ಸಾಲು ಹಿಡಿದು. ಅಧಿಕಾರಿ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು. ನನಗೆ ಕೇಳಿಸಿದ್ದು ಇಷ್ಟು: ರೈತನ ಹೊಲದಲ್ಲಿ ಕುರುಬ ತನ್ನ ಕುರಿಗಳನ್ನು ನಿಲ್ಲಿಸಿದ, ಕೊನೆಗೆ ಯಾರು ಯಾರಿಗೆ ಪ್ರತಿಫಲ ಕೊಟ್ಟರು? ಒಂದು, ರೈತ ಕುರುಬನಿಗೆ. ಎರಡು, ಕುರುಬ ರೈತನಿಗೆ. ಉಳಿದೆರಡರಲ್ಲಿ ರಾಜನೋ ವ್ಯಾಪಾರಿಯೋ ಇದ್ದ.

ಹುಡುಗಿ ಬಾಯಿ ತೆರೆಯಲಿಲ್ಲ. ಅಧಿಕಾರಿ ಗಡಿಯಾರ ನೋಡಿದರು. ಹೆಂಡತಿ ಕಿಟಕಿಯತ್ತ ನೋಡಿದಳು. ಆ ನೋಟ ಸಹಾಯ ಕೇಳುವುದಾಗಿತ್ತು ಎಂದು ನಾನು, ದೂರ ಸರಿಯಲು ಹೇಳುವುದಾಗಿತ್ತು ಎಂದು ಆಕೆ.

ಆಗ ಸಣ್ಣ ಟೀಚರಮ್ಮ ಧೈರ್ಯ ಮಾಡಿದಳು. "ಮೇಡಂ, ನಮ್ಮ ಕ್ಲಾಸಿನಾಗ ಉತ್ತರ ಹೇಳೋದು ಬೇರೆ ರೀತಿ," ಎಂದು ಅವಸರದಲ್ಲಿ ಕನ್ನಡದಲ್ಲೇ ಹೇಳಿ, ಪಕ್ಕದಲ್ಲಿ ಕುಳಿತಿದ್ದ ಅಧ್ಯಕ್ಷರ ಹೆಗಲಿನ ಟವೆಲ್ಲು ಎಳೆದುಕೊಂಡು ಹುಡುಗಿಯ ಕೈಯ ಮೇಲೆ ಹಾಕಿದಳು. ತನ್ನ ಕೈಯನ್ನೂ ಅದರೊಳಗೆ ಇಟ್ಟಳು.

"ಆಗಂಡಿ," ಎಂದು ತಡೆದರು ಅಧಿಕಾರಿ. ಧ್ವನಿ ಏರಿತು. "ಮೀರು ಚೆಪ್ತುನ್ನಾರಾ, ಪಾಪ ಚೆಪ್ತುಂದಾ?" ಹೇಳುತ್ತಿರುವುದು ನೀವೋ, ಮಗುವೋ?

ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ವಿಶ್ವವಿದ್ಯಾಲಯದಲ್ಲೂ ಕೇಳಿರಲಿಲ್ಲ. ಮುಚ್ಚಿದ ಟವೆಲ್ಲಿನ ಕೆಳಗೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಹೊರಗಿನವನಿಗೆ ತಿಳಿಯುವುದು ಹೇಗೆ? ಸಂತೋಷದಿಂದ ನಾನು ಕಿಟಕಿಯ ರಟ್ಟನ್ನು ಸ್ವಲ್ಪ ಕಿತ್ತೆ. ಒಳಗೆ ಹೆಂಡತಿಗೆ ಮಾತ್ರ ಶಾಲೆಗೆ ಬೀಗ ಬಿದ್ದ ಸದ್ದು ಕೇಳಿಸಿರಬೇಕು. ನಕಲು ಎಂಬ ಒಂದು ಮಾತು ಟ್ಯಾಬಿಗೆ ಹೋದರೆ ಮುಗಿಯಿತು.

ಆಗ ಅಧಿಕಾರಿ ಮಾಡಿದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಟೀಚರನ್ನು ಎಬ್ಬಿಸಿ, ತಾವೇ ಅಲ್ಲಿ ಕುಳಿತು, ಬಳೆಗಳನ್ನು ಮೇಲಕ್ಕೆ ಸರಿಸಿ, ಕೈಯನ್ನು ಟವೆಲ್ಲಿನೊಳಗೆ ತೂರಿಸಿದರು. ತೂರಿಸಿದ ರೀತಿ ಹೊಸಬರದಲ್ಲ. ಮುಖ ಗೋಡೆಯ ಕಡೆ, ಕಣ್ಣು ಎಲ್ಲೋ. ಅಧ್ಯಕ್ಷರ ಬಾಯಿ ತೆರೆಯಿತು.

"ಇವರು ಸಂತಿಯವರು!" ಎಂದರು.

"ಆಲೂರು ಕಡಿಯಾಕಿ ನಾನು," ಎಂದರು ಅಧಿಕಾರಿ, ಗೋಡೆ ನೋಡುತ್ತಲೇ, ಅಪ್ಪಟ ನಮ್ಮ ಕನ್ನಡದಲ್ಲಿ. "ನಮ್ಮಪ್ಪ ನಾಕು ಸಂತಿ ತಿರುಗ್ಯಾನ. ಸುಮ್ನಿರ್ರಿ, ವ್ಯಾಪಾರ ನಡದೈತಿ."

ಟವೆಲ್ಲು ಅಲುಗಿತು. ನಿಂತಿತು. ಮತ್ತೆ ಅಲುಗಿತು, ಈ ಸಲ ಜೋರಾಗಿ. ಹುಡುಗಿ ಕೈ ಕೊಡವಿದ್ದಳು. ಜಿಲ್ಲೆಯಿಂದ ಬಂದ ಅಧಿಕಾರಿಯ ಕೈಯನ್ನು, ದರ ಕುದುರದ ಕುರಿಯವನ ಕೈಯಂತೆ.

ಅಧಿಕಾರಿ ಟವೆಲ್ಲು ಸರಿಸಿದರು. "ಈಕಿ ಎರಡು ಹಿಡದ್ಲು. ಖರೇ ಏನು ನೋಡೂನು ಅಂತ ನಾ ಒಂದು ಒತ್ತಿದೆ. ಕೊಡವಿ ಒಗದು ಮತ್ತ ಎರಡಽ ಹಿಡದ್ಲು."

ಎರಡು ಎಂದರೆ ಕುರುಬ ರೈತನಿಗೆ ಕೊಟ್ಟ. ಅಧ್ಯಕ್ಷರು ಜಿಗಿದೆದ್ದರು. ನಮ್ಮ ಕಡೆ ಬೆಳೆ ಕೊಯ್ದ ಹೊಲದಲ್ಲಿ ಕುರಿ ತರುಬುತ್ತಾರೆ. ಎಂದರೆ ಹಿಂಡನ್ನು ರಾತ್ರಿಯೆಲ್ಲ ಹೊಲದಲ್ಲೇ ನಿಲ್ಲಿಸುತ್ತಾರೆ. ಗೊಬ್ಬರ ರೈತನಿಗೆ ಸಿಗುತ್ತದೆ, ಅದಕ್ಕೆ ರೈತ ಕುರುಬನಿಗೆ ಜೋಳ ಕೊಡುತ್ತಾನೆ. ಹತ್ತಿ ವ್ಯಾಪಾರಿಯಿಂದ ಹಿಡಿದು ಹಾಲು ಕುಡಿಯುವ ಕೂಸಿನವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ ಇದು.

"ಏ ಹುಚ್ಚಿ!" ಎಂದು ಅಧ್ಯಕ್ಷರು ಗುಡುಗಿದರು. "ಕುರಿ ನಮ್ಮವು, ಹಿಕ್ಕಿ ನಮ್ಮವು, ಅದರ ಮ್ಯಾಲ ಜೋಳಾನೂ ನಾವಽ ಕೊಡಬೇಕೇನು? ಯಾವಾಗ ಕೊಟ್ಟೀವಿ? ನಿಮ್ಮಜ್ಜ ಕೊಟ್ಟಾನೇನು?"

"ನಮ್ಮಜ್ಜ ನೀನಽ ಅಲ್ಲೇನು?" ಎಂದಳು ಹುಡುಗಿ. ಅಂದು ಅವಳ ಬಾಯಿಂದ ಬಂದ ಮೊದಲ ಮಾತು. ದುರದೃಷ್ಟಕ್ಕೆ ಕನ್ನಡದಲ್ಲಿ.

ಕಿಟಕಿಯ ಮಕ್ಕಳು ನಕ್ಕರು. ವರಾಂಡದಲ್ಲಿ ನಿಂತಿದ್ದ ಹೆಂಗಸರೂ ಅಧ್ಯಕ್ಷರ ಪರವಾದರು. "ರೈತಂದಽ ಕೊಡೋದು, ಅದರಾಗ ಏನೈತಿ." "ಪಾಪ, ಅಂಜ್ಯಾಳ." ಒಪ್ಪಿಕೊಂಡುಬಿಡುತ್ತೇನೆ, ನಾನೂ ಹುಡುಗಿ ತಪ್ಪಿದಳೆಂದೇ ತಿಳಿದೆ. ಯಾವ ಸಾಕ್ಷಿಯೂ ಇಲ್ಲದೆ. ಹೆಂಡತಿಯೂ ಹಾಗೇ ತಿಳಿದಿದ್ದಳು.

"ಎಲ್ರೂ ಸುಮ್ನಾಗ್ರಿ," ಎಂದರು ಅಧಿಕಾರಿ. ಆಮೇಲೆ ಹುಡುಗಿಯ ಕಡೆ ತಿರುಗಿದರು. "ನೋಡವಾ, ಬಾಯಿಲೆ ಹೇಳಬೇಕು ಅಂತ ಕಾನೂನು ಐತಿ. ಟವೆಲ್ ಕಾನೂನಿನಾಗ ಇಲ್ಲ. ಇಂಗ್ಲಿಷಿನಾಗ ಹೇಳು. ಅಜ್ಜ ಹೇಳಿದ್ದು ಸರೀನೋ, ನಿಂದು ಸರೀನೋ?"

ಹುಡುಗಿ ಅಜ್ಜನನ್ನು ನೋಡಿದಳು. ಅಜ್ಜ ಒಂದು ಬೆರಳು ತೋರಿಸಿದರು, ಎಲ್ಲರ ಎದುರಿಗೇ, ಟವೆಲ್ಲಿಲ್ಲದೆ. ಒಂದನ್ನು ಹೇಳು ಎಂದು. ಹುಡುಗಿ ಅಜ್ಜನ ಬೆರಳಿಗೆ ಬೆನ್ನು ತಿರುಗಿಸಿ ಹೇಳಿದಳು:

"ಶೆಫರ್ಡ್ ಗೇವ್, ಮೇಡಂ. ಇನ್ ದಿಸ್ ಸ್ಟೋರಿ."

ಹೀಗೆಂದು ನನ್ನ ನೆನಪು. "ಇನ್ ದಿಸ್ ಸ್ಟೋರಿ ಅಂದೇ ಇಲ್ಲ," ಎನ್ನುತ್ತಾಳೆ ಹೆಂಡತಿ. "ಶೆಫರ್ಡ್ ಮೇಡಂ ಅಂದ್ಲು, ಕುಂತ್ಲು. ಉಳಿದಿದ್ದು ನೀವು ಹೊಲದು ಹಚ್ಚಿದ್ದು." ಸಣ್ಣ ಟೀಚರಮ್ಮನನ್ನು ಕೇಳಿದರೆ, "ಅವತ್ತು ನನಗ ಕಿವಿ ಕೇಳತಿದ್ದಿಲ್ಲ ಸರ್, ಎದಿ ಹೊಡಕೊಳ್ಳಾಕತ್ತಿತ್ತು," ಎಂದಳು. ಆ ಮೂರು ಪದಗಳು ನಿಜವಾಗಿದ್ದರೆ ಅವು ನನ್ನ ಇಡೀ ಪದವಿಗಿಂತ ಮೇಲಿನವು. ಇಲ್ಲವಾದರೆ ನನ್ನವು. ಎರಡರಲ್ಲಿ ಯಾವುದೂ ನನಗೆ ನಷ್ಟವಲ್ಲ, ಅದಕ್ಕೇ ಅನುಮಾನ ಜಾಸ್ತಿ.

"ನಿಂದಽ ಇರ್ಲಿ," ಎಂದು ಅಧಿಕಾರಿ ಎರಡನ್ನು ಒತ್ತಿದರು. ಕಥೆ ಮಾಯವಾಯಿತು. ಅವಳು ಬಾಯಿ ಬಿಟ್ಟದ್ದೇ ತಡ, ಉಳಿದ ಮಕ್ಕಳಿಗೂ ಧೈರ್ಯ ಬಂತು. ಮಾತಾಡದೆ ಕುಳಿತಿದ್ದ ಮೊದಲ ಹುಡುಗಿಯೇ ಕೈ ಎತ್ತಿ, ತನಗೆ ಮತ್ತೊಮ್ಮೆ ಕೇಳಬೇಕೆಂದು ಜಗಳಕ್ಕೆ ನಿಂತಳು. ಕೆಲವರು ಟವೆಲ್ಲು ಕೇಳಿದರು, ಕೆಲವರು ಬೇಡವೆಂದರು. ಅಧಿಕಾರಿ ಬಾಳೆಹಣ್ಣು ತಿಂದು, ಅಧ್ಯಕ್ಷರೊಂದಿಗೆ ಆಲೂರಿನ ಸಂತೆಯ ಮಾತಾಡಿ, ಪರೀಕ್ಷೆಯ ಬಗ್ಗೆ ಏನನ್ನೂ ಹೇಳದೆ ಜೀಪು ಹತ್ತಿದರು.

ಆ ಬೇಸಿಗೆ ನಮ್ಮ ಮನೆಯಲ್ಲಿ ಉದ್ದವಾಗಿತ್ತು. ಹೆಂಡತಿ ಊಟದ ಹೊತ್ತಿಗೆ ಈಗ ಇನ್ನೊಂದು ಮಾತು ಹಿಡಿದಿದ್ದಳು: "ಒಂದು ಅಂದಿದ್ರ ಆಗ್ತಿತ್ತು ನೋಡ್ರಿ." ಅಧ್ಯಕ್ಷರು ಮೊಮ್ಮಗಳ ಜೊತೆ ಮಾತು ಬಿಟ್ಟು ತೆಲುಗಿನಲ್ಲೇ ಓಡಾಡುತ್ತಿದ್ದರು. ಮೊಮ್ಮಗಳು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಹೊಸ ಕುರಿಮರಿಗೆ ಅವಳು ಮೇಡಂ ಎಂದು ಹೆಸರಿಟ್ಟಳೆಂದು ಕೇಳಿದೆ.

ಶಾಲೆ ತೆರೆಯುವ ಹೊತ್ತಿಗೆ ಅನುದಾನ ಮುಂದುವರಿದ ಸುದ್ದಿ ಬಂತು. ಸಣ್ಣ ಟೀಚರಮ್ಮ ಉಳಿದಳು. ಹೆಂಡತಿ ಅಂದು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯ ಮೇಲೆ ಕುಳಿತು ಅತ್ತಳು. ನಾನು ಚಹಾ ಮಾಡಿದೆ, ಸಕ್ಕರೆ ಮರೆತೆ. ಆಕೆ ಅದನ್ನು ಹೇಳಲೂ ಇಲ್ಲ. ಇದರ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಅನುದಾನ ಯಾಕೆ ಉಳಿಯಿತು ಎಂಬುದಕ್ಕೆ ಊರಿನಲ್ಲಿ ಎಲ್ಲರ ಬಳಿ ಒಂದೊಂದು ಕಾರಣವಿತ್ತು. ಅಧ್ಯಕ್ಷರ ಪ್ರಕಾರ ಟವೆಲ್ಲು ಅವರದು, ಆದ್ದರಿಂದ ಅನುದಾನವೂ ಅವರದು. ಹೆಂಗಸರ ಪ್ರಕಾರ ಅಧಿಕಾರಿ ಆಲೂರಿನವರು, ಕನ್ನಡದವರ ಕೈ ಬಿಡಲಿಲ್ಲ, ಹುಡುಗಿ ತಪ್ಪು ಹೇಳಿದರೂ. ಈ ಕೊನೆಯ ಮಾತು ಊರಿನಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿತು. ಅಜ್ಜ ಮಾತ್ರವಲ್ಲ, ಅಂಗಡಿಯವರೂ ಹುಡುಗಿಯನ್ನು ಕಂಡರೆ, "ಏನವಾ, ಈ ವರ್ಷ ಯಾರಿಗೆ ಜೋಳ ಕೊಡ್ತೀರಿ?" ಎಂದು ಕಾಡುತ್ತಿದ್ದರು. ನಾನು ಬೇರೊಂದು ಅನುಮಾನ ಸೇರಿಸಿದೆ. ಅವಳು ಕಥೆ ಓದದೆ, ಅಜ್ಜನನ್ನು ಕೆಣಕಲೆಂದೇ ಎರಡು ಹಿಡಿದಿರಬಹುದಲ್ಲ? ಹೆಂಡತಿ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಟ್ಟಳು.

ಮಳೆಗಾಲದಲ್ಲಿ ಅನುದಾನದ ಸಾಮಾನುಗಳ ಜೊತೆ ಶಾಲೆಗೆ ಇಂಗ್ಲಿಷ್ ಕಥೆಗಳ ಒಂದು ಪೆಟ್ಟಿಗೆ ಬಂತು. ಬಿಚ್ಚಿದವಳು ಸಣ್ಣ ಟೀಚರಮ್ಮ. ಆಕೆಯೇ ಫೋನು ಮಾಡಿದಳು: "ಸರ್, ಆ ಕುರಿ ಕಥಿ ಇದರಾಗ ಐತಿ. ನೀವೊಮ್ಮೆ ಬಂದು ಓದ್ರಿ, ಇಲ್ಲಾಂದ್ರ ನೀವು ನಂಬಂಗಿಲ್ಲ." ನಾನು ಅಂದೇ ಹೋದೆ. ತರಗತಿಯ ಒಳಗೆ, ಕಿಟಕಿಯಿಂದಲ್ಲ, ಬೆಂಚಿನ ಮೇಲೆ ಕುಳಿತು ಸಾಲು ಸಾಲಾಗಿ ಓದಿದೆ, ಆಮೇಲೆ ಇನ್ನೊಮ್ಮೆ. ಯಾವುದೋ ಚಳಿಯ ದೇಶದ ಕಥೆ, ಬೇಲಿ ಹಾಕಿದ ಹೊಲಗಳು. ಅಲ್ಲಿ ಗೊಬ್ಬರದ ಮಾತೇ ಇಲ್ಲ. ಮೇವಿಲ್ಲದ ಕುರಿಗಳಿಗೆ ರೈತ ತನ್ನ ಹೊಲದ ಹುಲ್ಲು ಮೇಯಲು ಬಿಡುತ್ತಾನೆ, ಬೆಳಿಗ್ಗೆ ಕುರುಬ ಅವನಿಗೆ ಒಂದು ಉಣ್ಣೆಯ ಕಂಬಳಿ ಕೊಡುತ್ತಾನೆ. ಕೊಟ್ಟವನು ಕುರುಬ.